ಕದದ ಮೇಲಿಟ್ಟ ಕಂಪ್ಯೂಟರ್

ದೀಪ ಸ್ವಲ್ಪ ಸಣ್ಣ ಮಾಡಿ... ಹೂಂ, ಅಷ್ಟು ಸಾಕು. ಯಾರಾದರೂ ಎದ್ದು ಬಾಗಿಲು ಮುಂದೆ ಮಾಡಿ ಬನ್ನಿ.

ಇದು ಯಾರೋ ಹೇಳಿ, ಯಾರೋ ಕೇಳಿ, ಕಾಲು ಬಾಲ ಹಚ್ಚಿಕೊಂಡು ಬಂದ ಸುದ್ದಿಯಲ್ಲ. ನಮ್ಮ ಕಾಕನ ಮಗ ರೇಣುಕಾಪ್ರಸಾದನಿಗೆ ಆದದ್ದು. ಗಡಿಯಾಚೆಯ ಉಮರ್ಗಾದಲ್ಲಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಅವನ ಕಂಪ್ಯೂಟರ್ ರಿಪೇರಿ ಅಂಗಡಿ. ನಾವು ಜಂಗಮರು ನೋಡಿ, ಹಾಗಾಗಿ ಬೆಳಿಗ್ಗೆ ಅವನು ಭಕ್ತರ ಮನೆಗಳಿಗೆ ಹೋಗಿ ಪೂಜೆ, ಲಿಂಗಧಾರಣೆ, ಯಾರಾದರೂ ತೀರಿಕೊಂಡರೆ ಮಣ್ಣು ಕೊಡುವ ಕೆಲಸ ಮಾಡುತ್ತಾನೆ. ಮಧ್ಯಾಹ್ನದ ಮೇಲೆ ಸ್ಕ್ರೂಡ್ರೈವರ್ ಹಿಡಿಯುತ್ತಾನೆ. ಹಣೆಯ ತುಂಬ ವಿಭೂತಿ, ಕೈಯಲ್ಲಿ ಟೆಸ್ಟರ್. ಅಯ್ಯನವರು ಮುಟ್ಟಿದರೆ ಸತ್ತ ಮಶೀನೂ ಎದ್ದು ಕೂಡುತ್ತದೆ ಅಂತ ಜನ ಚೇಷ್ಟೆ ಮಾಡುತ್ತಿದ್ದರು. ಈಗ ಅವನ ಮುಂದೆ ಆ ಮಾತು ಯಾರೂ ಆಡುವುದಿಲ್ಲ.

ಆ ರಾತ್ರಿ ಜೀಪಿನವನು ಅವನನ್ನು ಸಾಸ್ತೂರಿನ ಫಾಟಾದಲ್ಲಿ, ಊರಿನ ದಾರಿ ಒಡೆಯುವ ಕಡೆ, ಇಳಿಸಿ ಹೋದ. ಅಲ್ಲಿಂದ ಊರಿಗೆ ನಡಿಗೆ. ಹೆಗಲ ಮೇಲೆ ಟಾವೆಲಿನಲ್ಲಿ ಸುತ್ತಿದ ಕಂಪ್ಯೂಟರಿನ ಡಬ್ಬಿ. ಚಂದ್ರ ಇರಲಿಲ್ಲ. ನಿಮಗೆ ಗೊತ್ತಿರಬೇಕು, ಸಾಸ್ತೂರು ಎರಡು. ಮೂವತ್ತು ವರ್ಷದ ಹಿಂದಿನ ಭೂಕಂಪಕ್ಕೆ ಬಿದ್ದದ್ದು ಹಳೆಯದು, ಆಮೇಲೆ ಆಚೆಗೆ ಕಟ್ಟಿದ್ದು ಹೊಸದು. ಅವನು ಹಿಡಿದ ಕಾಲುದಾರಿ ಹಳೆಯ ಊರಿನ ಮಗ್ಗುಲಲ್ಲೇ ಹಾಯುತ್ತದೆ. ಕಲ್ಲಿನ ಗುಡ್ಡೆ, ಜಾಲಿ ಮುಳ್ಳು, ನಡುವೆ ಒಂದು ಬಾವಿ. ಗಾಳಿ ಬಿಟ್ಟರೆ ಜಾಲಿಯ ಒಣ ಕಾಯಿ ಚರಚರ ಅನ್ನುತ್ತಿತ್ತು. ಗಾಳಿ ನಿಂತರೆ... ಏನೂ ಇಲ್ಲ. ಕ್ರಿಮಿಕೀಟದ ದನಿಯೂ ಇಲ್ಲ.

ಬಾವಿಯ ಕಟ್ಟೆಯ ಮೇಲೆ ಯಾರೋ ಕೂತಿದ್ದರು.

ರೇಣುಕಾಪ್ರಸಾದ ಎದೆಯ ಮೇಲಿನ ಲಿಂಗ ಹಿಡಿದುಕೊಂಡ. ಹಿಡಿದುಕೊಂಡೇ ಹತ್ತಿರ ಹೋದ, ಬೇರೆ ದಾರಿ ಇರಲಿಲ್ಲ. ನೋಡಿದರೆ ನೀಲಾಬಾಯಿ. ಅವನು ಹೊರಟಿದ್ದು ಆಕೆಯ ಮನೆಗೇ. ಕಂಪ್ಯೂಟರು ಆಕೆಯ ಮೈದುನನ ಮಗ ನಾಗನಾಥನದು. ಅರವತ್ತು ದಾಟಿದ ಹೆಂಗಸು, ಸೆರಗು ತಲೆತುಂಬ ಹೊದ್ದು, ಕತ್ತಲಲ್ಲಿ ಒಬ್ಬಳೇ ಕೂತಿದ್ದಳು. ಅವನನ್ನು ಕಂಡು ಎದ್ದಳು. ಶರಣು ಅನ್ನಲಿಲ್ಲ, ಊಟ ಆಯಿತೇ ಅನ್ನಲಿಲ್ಲ. ಪಿಸುಮಾತಿನಲ್ಲಿ ಒಂದೇ ಕೇಳಿದಳು.

"ನಿಮ್ಮ ಅಂಗಡ್ಯಾಗ ಬಡೀತೇನ್ರೀ, ಅಯ್ಯನೋರೆ?"

"ಏನ್ ಬಡೀತು, ಆಯಿ?"

"ಈ ಡಬ್ಬಿ."

"ಇಲ್ಲ. ಅಲ್ಲಿ ಬರೋಬ್ಬರಿ ನಡೀತು. ಸದ್ದೇ ಇಲ್ಲ."

ಆಕೆ ತಲೆ ಆಡಿಸಿದಳು. "ಹಂಗಾದ್ರ ಡಬ್ಬಿ ಅಲ್ಲ ಅದು," ಅಂದು ಮುಂದೆ ನಡೆದಳು. ಅವನು ಹಿಂದೆ.

ಈಗ ಆ ಡಬ್ಬಿಯ ಕತೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಗನಾಥ ಮದುವೆಗಳ ವಿಡಿಯೋ ತೆಗೆಯುವವ. ಮನೆಯಲ್ಲೇ ಕೂತು ಅದನ್ನು ಕತ್ತರಿಸಿ ಜೋಡಿಸಲು ಉದಗೀರಿನಿಂದ ಒಂದು ಹಳೆಯ ಕಂಪ್ಯೂಟರು ತಂದಿದ್ದ. ತಂದು ಸ್ವಲ್ಪ ದಿನಕ್ಕೇ ಅದು ಟಕ್ ಟಕ್ ಅನ್ನಲು ಶುರು ಮಾಡಿ, ಮಲಗಿಬಿಟ್ಟಿತು. ರೇಣುಕಾಪ್ರಸಾದ ಬಂದು ನೋಡಿದ. ಕಿವಿಗೊಟ್ಟ ಕೂಡಲೇ ಗೊತ್ತಾಯಿತು. ಹಳೆಯ ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ತಿರುಗುತ್ತದೆ, ಅದನ್ನು ಓದಲು ಒಂದು ಮುಳ್ಳು. ಸಾಯುವ ಕಾಲಕ್ಕೆ ಆ ಮುಳ್ಳು ಹೀಗೆ ಬಡಿದುಕೊಳ್ಳುತ್ತದೆ. ಅವನು ಅದನ್ನು ತೆಗೆದು ಬಿಸಾಕಿ ಹೊಸ ತರಹದ ಡಿಸ್ಕು ಹಾಕಿದ. ಇದರಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಒಂದು ಚಪ್ಪಟೆ ಚೂರು, ಅಷ್ಟೇ. ಅದು ಸದ್ದು ಮಾಡಬೇಕೆಂದರೂ ಅದರ ಹತ್ತಿರ ಸದ್ದು ಮಾಡುವಂಥದ್ದು ಏನೂ ಇಲ್ಲ.

ಆಮೇಲೆ ಪೆನ್‌ಡ್ರೈವ್ ಚುಚ್ಚಿ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತ. ಅರ್ಧಕ್ಕೆ ಬಂತು... ನಿಂತಿತು. ಫೈಲು ಸಿಗಲಿಲ್ಲ ಅಂತ ಪರದೆಯ ಮೇಲೆ ಬಂತು. ಮತ್ತೆ ಹಾಕಿದ, ಮತ್ತೆ ನಿಂತಿತು. ಬೇರೆ ಪೆನ್‌ಡ್ರೈವ್ ತಂದ. ರ‍್ಯಾಮ್ ಬದಲಿಸಿದ, ವೈರು ಬದಲಿಸಿದ, ಕರೆಂಟು ಸರಿ ಬರುತ್ತದೋ ಇಲ್ಲವೋ ಅಂತ ಟೆಸ್ಟರ್ ಹಿಡಿದು ನೋಡಿದ. ಅವನ ಕೆಲಸದಲ್ಲಿ ಒಂದು ನೇಮ ಇದೆ: ಒಂದು ಸಲಕ್ಕೆ ಒಂದೇ ಬದಲಿಸಬೇಕು. ಎಲ್ಲ ಒಟ್ಟಿಗೆ ಬದಲಿಸಿದರೆ ರೋಗ ಹೋಗುತ್ತದೆ, ಆದರೆ ಯಾವ ರೋಗವಿತ್ತು ಅಂತ ತಿಳಿಯುವುದಿಲ್ಲ. ಹಾಗೆ ಒಂದೊಂದೇ ಬದಲಿಸುತ್ತ ಹೋದ. ಪ್ರತಿ ಸಲವೂ ಅರ್ಧದ ಆಸುಪಾಸಿಗೆ ಬಂದು ನಿಲ್ಲುತ್ತಿತ್ತು. ನಿಲ್ಲುವ ಮುಂಚೆ ಸಣ್ಣಗೆ ಸದ್ದು. ಟಕ್... ಟಕ್ ಟಕ್.

ಕಡೆಗೆ ಡಬ್ಬಿ ಹೊತ್ತು ಉಮರ್ಗಾಕ್ಕೆ ಒಯ್ದ. ಅಂಗಡಿಯಲ್ಲಿ ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಯಿತು. ಒಂದು ಸಲವೂ ತಡವರಿಸಲಿಲ್ಲ. ಅದನ್ನೇ ಈಗ ವಾಪಸು ತಂದಿದ್ದ. ನಾಗನಾಥ ಉದಗೀರಿಗೆ ಮದುವೆಯ ವಿಡಿಯೋಕ್ಕೆ ಹೋಗಿದ್ದ, ಬೆಳಿಗ್ಗೆ ಬರುವವನಿದ್ದ. ಇಟ್ಟು, ಚಾಲೂ ಮಾಡಿ ತೋರಿಸಿ, ಹಾಗೇ ಯಾರದಾದರೂ ಗಾಡಿ ಹಿಡಿದು ಮನೆಗೆ ಹೋಗಬೇಕು ಅಂತ ರೇಣುಕಾಪ್ರಸಾದನ ಲೆಕ್ಕ.

ಮನೆಯಲ್ಲಿ ಎರಡು ಖೋಲಿ. ಮುಂದಿನದರಲ್ಲಿ ಕಂಪ್ಯೂಟರು, ಹಿಂದಿನದರಲ್ಲಿ ನೀಲಾಬಾಯಿಯ ಹಾಸಿಗೆ. ಡಬ್ಬಿಯನ್ನು ಟೇಬಲ್ಲಿನ ಮೇಲಿಟ್ಟು ವೈರು ಜೋಡಿಸಿದ. ಗುಂಡಿ ಒತ್ತಿದ. ಚಂದಾಗಿ ಎದ್ದಿತು. ನೋಡು ಆಯಿ, ಸರಿ ಆಯಿತು ಅಂತ ಹೇಳಲು ತಿರುಗಿದ.

ಟಕ್.

ಪರದೆ ಅಲ್ಲಾಡದೆ ನಿಂತಿತು.

ಟಕ್... ಟಕ್ ಟಕ್.

ಮತ್ತೆ ಗುಂಡಿ ಒತ್ತಿದ. ಈಗ ಸಿಸ್ಟಮೇ ಇಲ್ಲ ಅಂತ ಹೇಳಿತು. ಮಧ್ಯಾಹ್ನ ಹಾಕಿದ್ದು ರಾತ್ರಿಗೆ ಮಾಯ. ಅವನಿಗೆ ಸಿಟ್ಟು ಬಂತು. ಅವನ ಸಿಟ್ಟು ನಿಮಗೆ ಗೊತ್ತಲ್ಲ, ಮೂಗಿನ ತುದಿಯಲ್ಲೇ ಇರುತ್ತದೆ. ಡಬ್ಬಿಯನ್ನು ಎತ್ತಿ ನೆಲದ ಮೇಲಿಟ್ಟ, ಪರದೆಯನ್ನೂ ಕೆಳಗಿಟ್ಟ, ಪೆನ್‌ಡ್ರೈವ್ ಚುಚ್ಚಿದ. ನೆಲದ ಮೇಲೆ ಕೂತು ಹಾಕಿದರೆ ಪೂರ್ತಿ ಮುಗಿಯಿತು. ಒಂದು ತಕರಾರಿಲ್ಲ. ಅಲ್ಲಿಗೆ ಬಿಟ್ಟು ಮನೆಗೆ ಹೋಗಬಹುದಿತ್ತು. ನಾಗನಾಥ ಚಾಪೆ ಹಾಸಿಕೊಂಡು ಕೆಲಸ ಮಾಡುತ್ತಿದ್ದ, ನಾವೂ ಇವತ್ತು ಬೇರೆ ಏನಾದರೂ ಮಾತಾಡುತ್ತಿದ್ದೆವು. ಆದರೆ ರೋಗ ತಿಳಿಯದೆ ಔಷಧ ಬಿಟ್ಟು ಹೋಗುವ ಜಾತಿಯಲ್ಲ ಅವನದು. ಡಬ್ಬಿಯನ್ನು ಮತ್ತೆ ಟೇಬಲ್ಲಿಗೆ ಎತ್ತಿದ.

ಟಕ್... ಟಕ್ ಟಕ್. ಪರದೆ ಕಪ್ಪಾಯಿತು.

ಡಬ್ಬಿಯ ಬಾಯಿ ಬಿಚ್ಚಿ ಒಳಗಿನ ಡಿಸ್ಕು ತೆಗೆದು ಜೇಬಿಗೆ ಹಾಕಿಕೊಂಡ. ಸದ್ದು ನಿಲ್ಲಲಿಲ್ಲ. ಫ್ಯಾನಿನ ವೈರು ಕಿತ್ತ. ನಿಲ್ಲಲಿಲ್ಲ. ಗೋಡೆಯ ಪ್ಲಗ್ಗೇ ಎಳೆದು ಕೈಯಲ್ಲಿ ಹಿಡಿದ. ಈಗ ಆ ಮಶೀನಿಗೆ ಜೀವವೇ ಇಲ್ಲ. ಕಿವಿಗೊಟ್ಟು ನಿಂತ.

ಟಕ್... ಟಕ್ ಟಕ್.

ಲೋಹದ ಸದ್ದಲ್ಲ ಅದು. ಮರದ ಮೇಲೆ ಕಲ್ಲು ಬಡಿಯುವ ಸದ್ದು. ಮಂದ, ಗಟ್ಟಿ. ಟೇಬಲ್ಲಿನ ಕೆಳಗಿನಿಂದ.

ಇಷ್ಟು ದಿನ ಅವನು ಎಲ್ಲ ಬದಲಿಸಿ ನೋಡಿದ್ದ, ಟೇಬಲ್ಲೊಂದನ್ನು ಬಿಟ್ಟು. ಮೇಲೆ ಹಾಸಿದ ಪ್ಲಾಸ್ಟಿಕ್ ಹಾಳೆ ಸರಿಸಿದ. ಅದು ಟೇಬಲ್ಲೇ ಅಲ್ಲ. ಹಳೆಯ ವಾಡೆಗಳಿಗೆ ಇರುತ್ತಿತ್ತಲ್ಲ, ಅಂಥ ದಪ್ಪ ಸಾಗವಾನಿಯ ಕದ. ಕಬ್ಬಿಣದ ಮೊಳೆ, ದೊಡ್ಡ ಬಳೆ. ನಾಗನಾಥ ಅದನ್ನು ಇಟ್ಟಂಗಿಯ ಮೇಲೆ ಅಡ್ಡ ಹಾಕಿದ್ದ. ಎಲ್ಲೋ ಸಡಿಲಾಗಿ ಬಡಿಯುತ್ತಿರಬೇಕು ಅಂದುಕೊಂಡ ರೇಣುಕಾಪ್ರಸಾದ. ಎಲ್ಲಿ ಅಂತ ಪತ್ತೆ ಮಾಡಲು, ರಿಪೇರಿ ಮಾಡುವವರೆಲ್ಲ ಮಾಡುವ ಹಾಗೆ, ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅದರ ಮೇಲೆ ತಟ್ಟಿದ. ಟಕ್ ಟಕ್.

ಕೆಳಗಿನ ಸದ್ದು ನಿಂತಿತು.

ಆಮೇಲೆ... ಟಕಟಕಟಕಟಕಟಕ. ಒಂದೇ ಸಮ, ಅವಸರದಲ್ಲಿ, ಉಸಿರು ಬಿಡದೆ.

ಬಾಗಿಲಲ್ಲಿ ನಿಂತಿದ್ದ ನೀಲಾಬಾಯಿಯ ಕೈಯಿಂದ ಚಹಾದ ಬಟ್ಟಲು ಬಿತ್ತು. "ತಿರುಗಿ ಬಡದ್ರೇನು?" ಅಂದಳು. ಪಿಸುಮಾತು.

"ಹಂಗೇ ತಟ್ಟಿ ನೋಡಿದೆ, ಆಯಿ."

"ನಮ್ಮ ಊರಾಗ ಯಾರೂ ತಿರುಗಿ ಬಡ್ಯಂಗಿಲ್ಲ. ಬಡದ್ರ, ಬರ್ತೀನಿ ಅಂತ ಮಾತು ಕೊಟ್ಟಂಗ."

ಅದು ಖರೇ. ಆ ಸೀಮೆಯಲ್ಲಿ ಹೊರಗೆ ಯಾರಾದರೂ ಕದ ಬಡಿದರೆ ಒಳಗಿನವರು ಬಾಯಿಂದ ಓ ಅನ್ನುತ್ತಾರೆ. ಹುಡುಗರು ಆಟಕ್ಕೆ ಒಳಗಿನಿಂದ ತಿರುಗಿ ಬಡಿದರೆ ಬೆನ್ನಿಗೆ ಏಟು ಬೀಳುತ್ತದೆ. ರೇಣುಕಾಪ್ರಸಾದ ಉಮರ್ಗಾದವ, ಭೂಕಂಪದ ಕಾಲಕ್ಕೆ ತೊಟ್ಟಿಲಲ್ಲಿದ್ದ. ಅವನಿಗೆ ಎಲ್ಲಿ ತಿಳಿಯಬೇಕು.

ನೀಲಾಬಾಯಿ ಕೆಳಗೆ ಕೂತಳು. ಕೂತು ಸಣ್ಣ ದನಿಯಲ್ಲಿ ಎಲ್ಲ ಹೇಳಿದಳು. ಭೂಕಂಪ ಆದದ್ದು ಗಣಪತಿ ಬಿಟ್ಟು ಬಂದು ಊರೆಲ್ಲ ಮಲಗಿದ್ದ ರಾತ್ರಿ. ಕಣ್ಣು ಬಿಟ್ಟಾಗ ಸೊಂಟದವರೆಗೆ ಕಲ್ಲು ಮಣ್ಣು, ಗಂಡನ ದನಿ ಇಲ್ಲ. ಪಕ್ಕದಲ್ಲಿ ತಲಬಾಗಿಲಿನ ಈ ಕದ ಬೋರಲು ಬಿದ್ದಿತ್ತು. ಅದರ ಕೆಳಗಿನಿಂದ ಬಡಿಯುವ ಸದ್ದು. ಮಗಳು ತ್ರಿವೇಣಿ ಬಾಗಿಲ ಹತ್ತಿರವೇ ಮಲಗಿದ್ದಳು, ಏಳು ವರ್ಷದ ಕೂಸು. ನೀಲಾಬಾಯಿಗೆ ಒಂದು ಕೈ ಆಡುತ್ತಿತ್ತು. ಆ ಕೈಯಲ್ಲಿ ಕಲ್ಲು ಹಿಡಿದು ತಿರುಗಿ ಬಡಿದಳು. ಅದು ಕೆಳಗಿನಿಂದ ಬಡಿಯುವುದು, ಇವಳು ಮೇಲಿನಿಂದ. ದಿನವಿಡೀ ಹಾಗೇ. ಮಳೆ ಬೇರೆ ಶುರುವಾಯಿತು. ಆಮೇಲೆ ಮಿಲಿಟರಿಯವರು ಬಂದು ಇವಳನ್ನು ಎಳೆದು ತೆಗೆದು, ಸೋಲಾಪುರದ ದವಾಖಾನೆಗೆ ಲಾರಿಯಲ್ಲಿ ಹಾಕಿದರು. ಕದದ ಕಡೆ ಕೈ ಮಾಡಬೇಕೆಂದರೆ ಕೈ ಏಳಲಿಲ್ಲ, ಬಾಯಿ ಬರಲಿಲ್ಲ. ಬಡಿಯುವ ಸದ್ದು ಇನ್ನೂ ಕೇಳುತ್ತಿತ್ತು. ತಿರುಗಿ ಊರಿಗೆ ಬರುವಷ್ಟರಲ್ಲಿ ಎಲ್ಲ ಹೆಣಗಳನ್ನೂ ಒಟ್ಟಿ ಸುಟ್ಟುಬಿಟ್ಟಿದ್ದರು. ತ್ರಿವೇಣಿಯೂ ಅದರಲ್ಲೇ ಹೋದಳು ಅಂತ ಹೇಳಿದರು. ಮುಖ ಸಹ ಸಿಗಲಿಲ್ಲ.

"ನಾ ತಿರುಗಿ ಬಡದಿದ್ದೆ, ಅಯ್ಯನೋರೆ. ಬರ್ತೀನಿ ತಡಿ ಅಂತ," ಅಂದಳು. "ಹೋಗಲಿಲ್ಲ."

ಹೊಸ ಊರಿನಲ್ಲಿ ಮನೆ ಸಿಕ್ಕಾಗ ಮೈದುನನ ಕಾಲು ಹಿಡಿದು ಈ ಕದವೊಂದನ್ನು ಬಂಡಿಯಲ್ಲಿ ತರಿಸಿಕೊಂಡಳಂತೆ. ಬಿದ್ದ ಮನೆಯ ಸಾಮಾನು ತರಬಾರದು ಅಂತ ಎಲ್ಲರೂ ಬೈದರು. ದನದ ಕೊಟ್ಟಿಗೆಯಲ್ಲಿ ಇಟ್ಟಳು. ದಿನಾ ಸಂಜೆ ಹೋಗಿ ಕಿವಿ ಹಚ್ಚಿ ಕೂಡುತ್ತಿದ್ದಳು. ಇಷ್ಟು ವರ್ಷ ಒಂದು ಸದ್ದೂ ಇಲ್ಲ. ಈಗ ನಾಗನಾಥ ಅದನ್ನು ಒಳಗೆ ತಂದು ಕಂಪ್ಯೂಟರು ಇಟ್ಟ. ಕಂಪ್ಯೂಟರು ಟಕ್ ಟಕ್ ಅಂತ ಬಡಿಯಿತು. ಕದ ಅದಕ್ಕೆ ಜವಾಬು ಕೊಡಲು ಶುರು ಮಾಡಿತು.

ರೇಣುಕಾಪ್ರಸಾದ ಸ್ಕ್ರೂಡ್ರೈವರ್ ಕೆಳಗಿಟ್ಟ. ಸಾಯುತ್ತಿದ್ದ ಆ ಹಾರ್ಡ್ ಡಿಸ್ಕು ನೆನಪಾಯಿತು. ಅದರ ಬಡಿತ ನಿಂತ ಮೇಲೆ ಕೆಳಗಿನದೂ ಇವತ್ತಲ್ಲ ನಾಳೆ ಸುಮ್ಮನಾಗುತ್ತಿತ್ತೋ ಏನೋ. ಈಗ ಅವನೇ ತಿರುಗಿ ಬಡಿದಾಯಿತು. ಮಾತು ಅವನದಾಯಿತು.

ಅವನು ಜಂಗಮ, ಜಂಗಮನ ಹಾಗೇ ಯೋಚನೆ ಮಾಡಿದ. ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡುತ್ತಾರೆ, ಬೆಂಕಿ ಕೊಡುವುದಿಲ್ಲ. ಆ ಕೂಸಿಗೆ ಮಣ್ಣು ಸಿಗಲಿಲ್ಲ, ಅದಕ್ಕೇ ನೆಲೆ ಇಲ್ಲ. ಆಕೆಗೆ ಸಮಾಧಾನ ಮಾಡುವ ದನಿಯಲ್ಲಿ ಹೇಳಿದ.

"ಆಯಿ, ಕೂಸಿನ ಹೆಸರಿಲೆ ಈ ಕದಕ್ಕ ಮಣ್ಣು ಕೊಡೂಣು. ವಿಭೂತಿ, ಪತ್ರಿ ಇಟ್ಟು, ಮಂತ್ರ ಹೇಳಿ ಇಡ್ತೀನಿ. ಶಾಂತ ಆಗ್ತದ."

ನೀಲಾಬಾಯಿ ಅವನ ಮುಖವನ್ನೇ ನೋಡಿದಳು.

"ಮಣ್ಣಾಗಿಂದ ತಗೀರಿ ಅಂತ ಬಡೀಲಾಕತ್ಯಾಳ," ಅಂದಳು. "ನೀವು ಮತ್ತ ಮಣ್ಣಾಗ ಇಡ್ತೀರಿ?"

ಅಪ್ಪನಿಂದ ಕಲಿತ ಮಂತ್ರಗಳಲ್ಲಿ ಇದಕ್ಕೆ ಒಂದೂ ಇರಲಿಲ್ಲ. ಕೆಳಗೆ ಬಡಿತ ನಡೆದೇ ಇತ್ತು, ಟಕಟಕ, ಟಕಟಕ. ಓಡಿಹೋಗೋಣ ಅನ್ನಿಸಿತಂತೆ. ಆದರೆ ಮುದುಕಿಯನ್ನು ಅದರ ಜೊತೆ ಬಿಟ್ಟು ಹೇಗೆ ಹೋಗುವುದು? ಮೂವತ್ತು ವರ್ಷದಿಂದ ಆಕೆ ಎದೆಯ ಮೇಲೆ ಹೊತ್ತುಕೊಂಡದ್ದು ಅವನ ಕಣ್ಣ ಮುಂದೆ ಕೂತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಹೇಳಿಕೊಳ್ಳಲು ನಾಚಿಕೆ ಏನು, ನನಗೆ ಹೇಳುವಾಗಲೂ ಬಂತು.

"ಎತ್ರಿ," ಅಂದಳು ಆಕೆ.

ಕಂಪ್ಯೂಟರನ್ನು ಒಂದು ಕಡೆ ಇಟ್ಟ. ಇಬ್ಬರೂ ಕದಕ್ಕೆ ಕೈ ಹಾಕಿದರು. ಸಾಗವಾನಿ ಭಾರ ಇರುತ್ತದೆ, ಆದರೆ ಅದು ಸಾಗವಾನಿಯ ಭಾರ ಅಲ್ಲ ಅನ್ನುತ್ತಾನೆ ಅವನು. ಯಾರೋ ಕೆಳಗಿನಿಂದ ಜೋತುಬಿದ್ದ ಹಾಗೆ. ಹೆಣಗಿ ಹೆಣಗಿ ನಿಲ್ಲಿಸಿದರು. ಮೊಬೈಲಿನ ಬೆಳಕು ಬಿಟ್ಟು ಅಡಿಯ ಮಗ್ಗುಲು ನೋಡಿದ. ಹಳೆಯ ಕಪ್ಪು ಮರದಲ್ಲಿ ಒಂದು ಅಂಗೈಯಷ್ಟು ಜಾಗ ಜಜ್ಜಿ ಹೋಗಿತ್ತು. ಜಜ್ಜಿದಲ್ಲಿ ಮರ ಹಸಿ, ಹಳದಿ. ಕೆಳಗೆ ನೆಲದ ಮೇಲೆ ಸಿಬಿರು ಉದುರಿ ಬಿದ್ದಿತ್ತು. ಹೊಸ ಸಿಬಿರು.

"ಗಟ್ಟಿ ಹಿಡೀರಿ," ಅಂದಳು ನೀಲಾಬಾಯಿ.

ಅವನು ಕದದ ಒಂದು ಅಂಚನ್ನು ನೆಟ್ಟಗೆ ಹಿಡಿದು ನಿಂತ. ಆಕೆ ಇನ್ನೊಂದು ಅಂಚಿನ ಹತ್ತಿರ ಹೋಗಿ ಕಬ್ಬಿಣದ ಬಳೆ ಹಿಡಿದಳು. ಮನೆಯ ಬಾಗಿಲು ತೆರೆಯುವ ಹಾಗೆ, ಮೆಲ್ಲಗೆ, ತನ್ನ ಕಡೆಗೆ ಎಳೆದಳು. ಕೀಲು ಇಲ್ಲದ ಕದ... ಕಿರ್ರ್ ಅಂತು.

"ಬಾರವ್ವಾ, ತ್ರಿವೇಣಿ," ಅಂದಳು. "ತಡ ಆಯ್ತು."

ಬಡಿತ ನಿಂತಿತು. ಹಸಿ ಮಣ್ಣಿನ ವಾಸನೆ ಬಂತು. ಬಾವಿ ತೋಡುವಾಗ ಆಳದಿಂದ ಬರುತ್ತದಲ್ಲ, ಅಂಥದು. ರೇಣುಕಾಪ್ರಸಾದನ ಮುಖದ ಪಕ್ಕದಲ್ಲೇ ಏನೋ ಹಾದುಹೋಯಿತು. ಕಾಣಲಿಲ್ಲ. ಹಾಯುವುದಕ್ಕೆ ಬಹಳ ಹೊತ್ತು ಹಿಡಿಯಿತು ಅಂತ ಮಾತ್ರ ಹೇಳುತ್ತಾನೆ. ಆಮೇಲೆ ಕದ ಒಮ್ಮೆಲೇ ಹಗುರಾಯಿತು, ಒಂದೇ ಕೈಗೆ ಬಂತು.

ನೀಲಾಬಾಯಿ ಅವನ ಕಡೆ ನೋಡಲೂ ಇಲ್ಲ. ಹಿಂದಿನ ಖೋಲಿಗೆ ಹೋದಳು, ಬಾಗಿಲು ಮುಂದೆ ಮಾಡಿದಳು. ಒಳಗೆ ಆಕೆ ಮಾತಾಡುವುದು ಕೇಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಸುಮ್ಮನಾಗಿ, ಕೇಳಿಸಿಕೊಂಡು, ಮತ್ತೆ ಮಾತಾಡುತ್ತಿದ್ದಳು. ಇನ್ನೊಂದು ದನಿ ಅವನಿಗೆ ಕೇಳಲಿಲ್ಲ.

ಅವನು ಡಿಸ್ಕನ್ನು ಜೇಬಿನಿಂದ ತೆಗೆದು ಮತ್ತೆ ಡಬ್ಬಿಗೆ ಹಾಕಿ, ನೆಲದ ಮೇಲೆ ಕೂತು ಸಿಸ್ಟಮ್ ಹಾಕಿದ. ಕೈಗೆ ಏನಾದರೂ ಕೆಲಸ ಬೇಕಿತ್ತು. ಅರ್ಧ ದಾಟಿತು, ಮುಗಿಯಿತು. ಕೋಳಿ ಕೂಗುವವರೆಗೆ ಪರದೆಯ ಬೆಳಕಿನಲ್ಲಿ ಬೆನ್ನು ಗೋಡೆಗೆ ಹಚ್ಚಿ ಕೂತಿದ್ದ. ನಾಗನಾಥ ಬಂದು, ಮಶೀನು ನಡೆಯುವುದನ್ನು ನೋಡಿ, ಕೈ ಮುಗಿದ. ಅಯ್ಯನವರು ರಾತ್ರಿಯೆಲ್ಲ ಎಚ್ಚರ ಇದ್ದು ರಿಪೇರಿ ಮಾಡಿದರು ಅಂತ ಊರೆಲ್ಲ ಹೊಗಳಿದನಂತೆ.

ಉಮರ್ಗಾಕ್ಕೆ ಬಂದು ಜಳಕ ಮಾಡಿ ಅಪ್ಪನ ಹತ್ತಿರ ಕೂತ. ಅವನ ಅಪ್ಪ, ಅಂದರೆ ನಮ್ಮ ಚಿದಂಬರಯ್ಯ ಕಾಕಾ. ಆಗಿನ ಕಾಲಕ್ಕೆ ಆ ಊರುಗಳ ಅಯ್ಯನವರು ಅವರೇ. ಭೂಕಂಪದ ಸುದ್ದಿ ಕೇಳಿ ಮೊದಲು ಓಡಿದವರಲ್ಲಿ ಅವರೂ ಒಬ್ಬರು. ಮಗ ಹೇಳಿದ್ದನ್ನೆಲ್ಲ ಕೇಳಿದರು. ಒಬ್ಬ ತಾಯಿಯ ಭಾರ ಇಳಿಸಿದೆ, ಭಲೇ ಅಂದಾರು ಅಂತ ಇವನು ಕಾದ. ಅವರು ಕೇಳಿದ್ದೇ ಬೇರೆ.

"ನೀಲಾಬಾಯಿ ಮನೀ ತಲಬಾಗಿಲದ ಕದ. ಹೌದಲ್ಲ?"

"ಹೌದು, ಅಪ್ಪಾ."

"ತ್ರಿವೇಣಿ ಅದರ ಕೆಳಗ ಇದ್ದಿಲ್ಲೋ. ಅಂಗಳದಾಗ ಇದ್ಳು, ಬೇವಿನ ಗಿಡದ ಬುಡಕ. ನಾನೇ ಎತ್ತಿ ತಂದೆ ಆ ಕೂಸಿಗಿ."

ರೇಣುಕಾಪ್ರಸಾದ ಅಪ್ಪನ ಹತ್ತಿರಕ್ಕೆ ಸರಿದ. ಕೇಳಿದ. "ಮತ್ತ ಕೆಳಗ ಯಾರಿದ್ರು?"

"ಯಾರೂ ಇದ್ದಿಲ್ಲ. ನೀಲಾಬಾಯಿಗಿ ದವಾಖಾನಿಗಿ ಒಯ್ದ ಮ್ಯಾಲ, ಬಡಿಯೋದು ಕೇಳೇ ನಾವು ನಾಕ್ ಮಂದಿ ಕದ ಎತ್ತಿದ್ವಿ. ಕೆಳಗ ಬರೇ ನೆಲ." ಮುದುಕ ದನಿ ಇನ್ನೂ ಇಳಿಸಿದರು. "ಎತ್ತಿ ಹಿಡಿದ ಮ್ಯಾಲೂ ಬಡಿಯೋದು ನಿಂತಿಲ್ಲ. ನಮ್ಮ ಕೈಯಾಗೇ ಬಡೀತು. ಮತ್ತ ಹಂಗೇ ಮುಚ್ಚಿದ್ವಿ."

ಆ ನಾಲ್ಕು ಮಂದಿಯೇ ಆಮೇಲೆ ಊರೂರಿಗೆ ಹೇಳಿದ್ದಂತೆ, ಬಡಿತಕ್ಕೆ ತಿರುಗಿ ಬಡಿಯಬೇಡಿರಿ ಅಂತ. ಯಾಕೆ ಅಂತ ಹೇಳಲಿಲ್ಲ. ನೀಲಾಬಾಯಿಗಂತೂ ಹೇಳುವ ಹಾಗೇ ಇರಲಿಲ್ಲ. ದವಾಖಾನೆಯಿಂದ ಬಂದವಳಿಗೆ ಮಗಳು ಮಲಗಿದಲ್ಲೇ ಹೋದಳು, ತ್ರಾಸು ಪಡಲಿಲ್ಲ ಅಂದು ಮುಗಿಸಿದ್ದರು. ಕದವನ್ನು ಯಾರೋ ಬಂಡಿಯಲ್ಲಿ ಹೇರಿಕೊಂಡು ಹೋದದ್ದು ಚಿದಂಬರಯ್ಯ ಕಾಕಾನಿಗೆ ಗೊತ್ತೇ ಇರಲಿಲ್ಲ.

"ಬಾ ಅಂತ ಕರದ್ರೇನು?" ಕೇಳಿದರು.

"ಆಯಿ ಕರದ್ಳು. ಮಗಳ ಹೆಸರು ಹಿಡಿದು."

"ಅದಕ್ಕ ಹೆಸರು ಇದ್ದಿಲ್ಲ," ಅಂದರು ಕಾಕಾ. "ಈಗ ಸಿಕ್ತು."

ಕೆಲವು ದಿನ ಬಿಟ್ಟು ರೇಣುಕಾಪ್ರಸಾದ ಸಾಸ್ತೂರಿಗೆ ಹೋದ, ಹಗಲು ಹೊತ್ತಿನಲ್ಲೇ. ಆಕೆಗೆ ಎಲ್ಲ ಹೇಳಿಬಿಡಬೇಕು, ಏನಾದರೂ ಶಾಂತಿ ಮಾಡಿಸಬೇಕು ಅಂತ ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದ. ನೀಲಾಬಾಯಿ ಅಂಗಳದಲ್ಲಿ ಕೂತು ತಲೆ ಬಾಚಿಕೊಳ್ಳುತ್ತಿದ್ದಳು. ಮುಖದ ಮೇಲಿಂದ ಹತ್ತು ವರ್ಷ ಇಳಿದಿತ್ತು. ಅವನನ್ನು ಕಂಡು ನಕ್ಕಳು. ಆಕೆ ನಕ್ಕಿದ್ದನ್ನು ತಾನು ಹುಟ್ಟಿದಾಗಿನಿಂದ ನೋಡಿಲ್ಲ ಅಂದ ನಾಗನಾಥ. ದೊಡ್ಡವ್ವ ಈಗ ಹಸಿದು ಊಟ ಮಾಡುತ್ತಾಳೆ, ರಾತ್ರಿ ಮಲಗುತ್ತಾಳೆ, ಎಲ್ಲ ನಿಮ್ಮ ಪಾದದ ಪುಣ್ಯ ಅಂದ.

ಕಾಲು ತೊಳೆದು, ಕೂಡ್ರಿಸಿ, ಹಾಲು ಕೊಟ್ಟು, ಆಕೆಯೇ ಶುರು ಮಾಡಿದಳು. ದಿನಾ ಬರುತ್ತಾಳಂತೆ. ಮಾತು ಕಡಿಮೆ. ನೀರು ಮಾತ್ರ ಬಹಳ. ರಾತ್ರಿ ಹಾಸಿಗೆಯ ಪಕ್ಕ ತುಂಬಿದ ಕೊಡ ಇಟ್ಟರೆ ಬೆಳಿಗ್ಗೆಗೆ ಒಣ. ಈಗ ಎರಡು ಕೊಡ ಇಡುತ್ತಾಳಂತೆ. ಅಷ್ಟು ವರ್ಷ ಮಣ್ಣಲ್ಲಿ ಇದ್ದ ಕೂಸಿಗೆ ನೀರಡಿಕೆ ಆಗದೆ ಇದ್ದೀತೇ ಅಂದಳು.

ರೇಣುಕಾಪ್ರಸಾದ ಬಟ್ಟಲು ಕೆಳಗಿಟ್ಟ. "ಆಯಿ... ಮುಖ ನೋಡೀರೇನು?"

"ಕತ್ತಲಾಗ ಬರ್ತಾಳ, ದೀಪ ಹಚ್ಚಗೊಡಂಗಿಲ್ಲ." ಆಕೆಯ ದನಿಯಲ್ಲಿ ತಾಯಂದಿರ ಹೆಮ್ಮೆ ಇತ್ತು. "ಆದ್ರ ಬಹಳ ಎತ್ತರ ಆಗ್ಯಾಳ್ರೀ, ಅಯ್ಯನೋರೆ. ಬಾಗಿಲದಾಗ ಬಗ್ಗೇ ಒಳಗ ಬರಬೇಕು."

ಅವನು ಬಾಯಿ ತೆರೆದ. ಹೇಳಲು ಬಂದಿದ್ದನ್ನು ಹೇಳಬೇಕು. ಆಕೆಯ ಮುಖ ನೋಡಿದ, ಬಾಚಿದ ತಲೆ ನೋಡಿದ. ಹೇಳಿದರೆ ತ್ರಿವೇಣಿಯನ್ನು ಆಕೆಯ ಕೈಯಿಂದ ಎರಡನೇ ಸಲ ಕಿತ್ತುಕೊಂಡ ಹಾಗೆ. ಹೇಳದಿದ್ದರೆ... ಬಾಯಿ ಮುಚ್ಚಿದ. ವಿಭೂತಿ ಕೊಟ್ಟು, ಆಶೀರ್ವಾದ ಮಾಡಿ ಎದ್ದ.

ಹೊರಡುವಾಗ ಹಿಂದಿನ ಖೋಲಿಯ ಬಾಗಿಲಿನ ಕಡೆ ಕಣ್ಣು ಹೋಯಿತು. ನಾಗನಾಥ ಸ್ಟೂಲಿನ ಮೇಲೆ ಹತ್ತಿ, ಒದ್ದೆ ಬಟ್ಟೆಯಿಂದ ಚೌಕಟ್ಟಿನ ಮೇಲಿನ ಅಂಚು ಒರೆಸುತ್ತಿದ್ದ. ಅಲ್ಲಿ ಹಸಿ ಮಣ್ಣು ಮೆತ್ತಿತ್ತು. ಹೋದ ವಾರ ಸುಣ್ಣ ಬಳಿದದ್ದು, ದಿನಾ ಒರೆಸಿದರೂ ಮರುದಿನ ಎಲ್ಲಿಂದ ಬರುತ್ತದೋ ಗೊತ್ತಿಲ್ಲ, ಹೆಗ್ಗಣದ ಕಾಟ ಇರಬೇಕು ಅಂದ ನಾಗನಾಥ.

ನೀವು ನಂಬಿ, ಬಿಡಿ. ನಾನು ಆ ಮನೆಗೆ ಹೋಗಿದ್ದೇನೆ. ಆ ಅಂಚಿನ ಮಣ್ಣನ್ನು ಈ ಬೆರಳಿನಿಂದ ಮುಟ್ಟಿದ್ದೇನೆ, ಇನ್ನೂ ಹಸಿ ಇತ್ತು.